ತಟ್ಟು ಕುದುರೆಯೂ ನಮ್ಮ ಮಕ್ಕಳೂ

ನುಂಗಂಬಾಕ್ಕಂನಲ್ಲಿ ಭಾನುವಾರ ಬೆಳಿಗ್ಗೆ ಕೆಲವು ಕನ್ನಡ ಕುಟುಂಬಗಳು ಸೇರಿ ಮಕ್ಕಳಿಗೆ ಕನ್ನಡ ಹೇಳಿಕೊಡುವ ಏರ್ಪಾಡು ಇರುವುದನ್ನು ಸಂಘದ ಸದಸ್ಯರು ಬಲ್ಲರು. ಈ ವರ್ಷ ನಾವು ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಿಂದ ಒಂದು ಪದ್ಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಲು ಹೊರಟೆವು. 1943ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಮನುಷ್ಯನ ಬಾಳನ್ನು ಜಟಕಾಕ್ಕೆ ಹೋಲಿಸಿರುವ ಪದ್ಯ ಕನ್ನಡಿಗರಿಗೆಲ್ಲ ಪರಿಚಿತವಾದುದೇ. ಮಕ್ಕಳು ರಾಗವಾಗಿ ಹೇಳಿದರು; ಒಂದಕ್ಷರವೂ ತಪ್ಪಲಿಲ್ಲ. ನಮಗೆ ಹೆಮ್ಮೆಯಾಯಿತು. ಆಗ ಎಂಟು ವರ್ಷದ ನಮ್ಮ ಮಗಳು ಎದ್ದು ನಿಂತು, “ಅಪ್ಪ, ಜಟಕಾ ಅಂದರೆ ಏನು?” ಎಂದು ಕೇಳಿದಳು.

ಕುದುರೆ ಎಳೆಯುವ ಗಾಡಿ ಎಂದೆವು. “ಬೀಚಿನಲ್ಲಿ ಇರುತ್ತಲ್ಲ, ಆ ಕುದುರೆಯಾ?” ಎಂದು ಒಬ್ಬ ಹುಡುಗ ಕೇಳಿದ. “ಅದು ಕುದುರೆಯಲ್ಲ, ಕುದುರೆಮರಿ” ಎಂದು ಇನ್ನೊಬ್ಬಳು ತಿದ್ದಿದಳು. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮರಳಿನಲ್ಲಿ ಅದಕ್ಕೆ ಕಾಲು ಸುಡುವುದಿಲ್ಲವೆ ಎಂದು ಪ್ರಶ್ನೆಗಳು ಬಂದವು. ಹತ್ತು ನಿಮಿಷದಲ್ಲಿ ನಮ್ಮ ಬಂಡವಾಳವೆಲ್ಲ ಮುಗಿದುಹೋಯಿತು. ಪದ್ಯವನ್ನು ಕಲಿಸಿದ್ದೆವು, ಪದ್ಯದೊಳಗಿನ ಪ್ರಾಣಿಯನ್ನು ಕಲಿಸಿರಲಿಲ್ಲ. ಕಲಿಸಲು ನಮಗೇ ತಿಳಿದಿರಲಿಲ್ಲ ಎಂಬುದು ನಿಜವಾದ ಮಾತು.

ನಾವು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಚರಿತ್ರಕಾರರೂ ಅಲ್ಲ, ಪಶುವೈದ್ಯರೂ ಅಲ್ಲ. ಆದರೂ ಮಕ್ಕಳ ಪ್ರಶ್ನೆಗೆ ಉತ್ತರ ಕೊಡಬೇಕಾದ ಬಾಧ್ಯತೆಯಿಂದ ಮೂರು ಭಾನುವಾರಗಳನ್ನು ಈ ಒಂದು ವಿಷಯಕ್ಕೆ ಮೀಸಲಿಟ್ಟೆವು. ಅದಕ್ಕಾಗಿ ಓದಿ, ನೋಡಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ. ಬೇರೆ ಮನೆಗಳ ಮಕ್ಕಳಿಗೂ ಇದರಿಂದ ಉಪಯೋಗವಾದರೆ ನಮ್ಮ ಶ್ರಮ ಸಾರ್ಥಕ.

ಮೊದಲಿಗೆ ಕುದುರೆಮರಿಯ ಮಾತು. ಬೀಚಿನಲ್ಲಿ ಕಾಣುವ ಗಿಡ್ಡ ಕುದುರೆ ಮರಿಯಲ್ಲ, ಅದು ಪೂರ್ಣವಾಗಿ ಬೆಳೆದ ಪ್ರಾಣಿ. ಕನ್ನಡದಲ್ಲಿ ಇದನ್ನು ತಟ್ಟು ಎಂದೂ ತಟ್ಟು ಕುದುರೆ ಎಂದೂ ಕರೆಯುತ್ತಾರೆ. ಇಲ್ಲಿಯ ತಮಿಳರು ಮಟ್ಟಕ್ಕುದಿರೈ ಎನ್ನುತ್ತಾರೆ. ಕುದುರೆಯ ಎತ್ತರವನ್ನು ಅಳೆಯುವುದು ನೆಲದಿಂದ ಹೆಗಲ ದಿಬ್ಬದವರೆಗೆ, ತಲೆಯವರೆಗೆ ಅಲ್ಲ. ಅಳತೆಯ ಮಾನಕ್ಕೆ ‘ಕೈ’ ಎಂದು ಹೆಸರು. ಒಂದು ಕೈ ಎಂದರೆ 4 ಅಂಗುಲ. ಹದಿನಾಲ್ಕೂವರೆ ಕೈಗೆ, ಅಂದರೆ 58 ಅಂಗುಲಕ್ಕೆ, ಮೀರದ ಜಾತಿಯನ್ನು ಸಾಮಾನ್ಯವಾಗಿ ತಟ್ಟು ಎಂದು ಎಣಿಸುತ್ತಾರೆ. ಮಕ್ಕಳಿಗೆ ಒಂದು ಅಳತೆಪಟ್ಟಿ ಕೊಟ್ಟು ಗೋಡೆಯ ಮೇಲೆ ಆ ಎತ್ತರಕ್ಕೆ ಗೆರೆ ಎಳೆಯಿಸಿದೆವು. ಆ ಗೆರೆ ನಮ್ಮ ಹುಡುಗರೆಲ್ಲರ ತಲೆಗಿಂತ ಮೇಲಕ್ಕೇ ಬಂತು. ‘ಗಿಡ್ಡ ಕುದುರೆ’ ಎಂದು ಅಂದಿನಿಂದ ಯಾರೂ ಹಗುರವಾಗಿ ಮಾತನಾಡಲಿಲ್ಲ.

ಎರಡನೆಯದಾಗಿ ಹಲಗೆಯ ಮೇಲೆ ಒಂದು ಕುದುರೆಯ ಚಿತ್ರ ಬರೆದು ಶಬ್ದಗಳನ್ನು ಹೇಳಿಕೊಟ್ಟೆವು. ಕಾಲಿನ ತುದಿಯದು ಗೊರಸು. ಗೊರಸಿಗೆ ಹೊಡೆಯುವ ಕಬ್ಬಿಣ ಲಾಳ. ಬಾಯಿಗೆ ಹಾಕುವುದು ಕಡಿವಾಣ. ಅದಕ್ಕೆ ಕಟ್ಟಿ ಕೈಯಲ್ಲಿ ಹಿಡಿಯುವುದು ಲಗಾಮು. ಬೆನ್ನ ಮೇಲಿನದು ಜೀನು, ಕಾಲಿಡಲು ರಿಕಾಪು. ಕಟ್ಟುವ ಸ್ಥಳ ಲಾಯ. ಎಲ್ಲ ಕಾಲೂ ಬೀಸಿ ಓಡುವುದು ನಾಗಾಲೋಟ. ‘ನಾಲಿಗೆಗೆ ಲಗಾಮಿಲ್ಲ’, ‘ಕೋಪಕ್ಕೆ ಕಡಿವಾಣ ಹಾಕು’ ಎಂದು ಮನೆಯಲ್ಲಿ ಅಜ್ಜಿಯರು ಬೈಯುವುದನ್ನು ಕೇಳಿದ್ದ ಮಕ್ಕಳಿಗೆ ಆ ಬೈಗುಳ ಹುಟ್ಟಿದ್ದು ಎಲ್ಲಿ ಎಂಬುದು ಆ ದಿನ ತಿಳಿಯಿತು. ಕೆಲಸವನ್ನು ಕಂಡು ನೆಪ ಹೇಳುವವರಿಗೆ ‘ಕುದುರೆ ಕಂಡರೆ ಕಾಲುನೋವು’ ಎನ್ನುವ ಗಾದೆಯನ್ನೂ ಹೇಳಿದೆವು. ಅದನ್ನು ಅವರು ಅಂದೇ ಒಬ್ಬರ ಮೇಲೊಬ್ಬರು ಪ್ರಯೋಗಿಸಲಾರಂಭಿಸಿದರು.

ಇನ್ನು ಚರಿತ್ರೆ. ಕುದುರೆಯ ಚರಿತ್ರೆಯನ್ನು ಹೇಳುವಾಗ ನಾವು ವಾಡಿಕೆಯಾಗಿ ಯುದ್ಧಗಳನ್ನು ಹೇಳುತ್ತೇವೆ. ಓದುತ್ತ ಹೋದಂತೆ ನಮಗೆ ಬೇರೊಂದು ಎಳೆ ಕಾಣಿಸಿತು. ಕುದುರೆಯನ್ನು ಕೊಳ್ಳುವುದು ಒಂದು, ಸಾಕುವುದು ಇನ್ನೊಂದು. ಕೊಳ್ಳುವುದಕ್ಕೆ ಹಣ ಸಾಕು. ಸಾಕುವುದಕ್ಕೆ ತಿಳಿವಳಿಕೆ ಬೇಕು. ಈ ಭೇದವನ್ನು ಮರೆತ ರಾಜರ ಕಥೆ ನಾವು ವಾಸವಾಗಿರುವ ಈ ಕರಾವಳಿಯಲ್ಲಿಯೇ ನಡೆದಿದೆ.

ವೆನಿಸ್ ನಗರದ ಮಾರ್ಕೋ ಪೋಲೋ 13ನೆಯ ಶತಮಾನದ ಕೊನೆಯ ದಶಕದಲ್ಲಿ ಪಾಂಡ್ಯ ಅರಸರ ಆಳ್ವಿಕೆಯಲ್ಲಿದ್ದ ಈ ತಮಿಳು ಕರಾವಳಿಗೆ ಬಂದಿದ್ದನು. ಇಲ್ಲಿಯ ಅರಸನೂ ಅವನ ಸೋದರರೂ ಪ್ರತಿ ವರ್ಷ ಒಬ್ಬೊಬ್ಬರು ಎರಡು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಸಮುದ್ರದಾಚೆಯಿಂದ ಚಿನ್ನ ಕೊಟ್ಟು ತರಿಸುತ್ತಿದ್ದರೆಂದೂ, ವರ್ಷ ಮುಗಿಯುವ ಹೊತ್ತಿಗೆ ನೂರು ಕುದುರೆಗಳೂ ಉಳಿಯುತ್ತಿರಲಿಲ್ಲವೆಂದೂ ಅವನ ಪ್ರವಾಸ ಗ್ರಂಥ ಹೇಳುತ್ತದೆ. ಕಾರಣವನ್ನೂ ಅದು ಕೊಡುತ್ತದೆ. ಕುದುರೆಯ ವೈದ್ಯ ಬಲ್ಲವರು ಇಲ್ಲಿರಲಿಲ್ಲ. ಬೇಯಿಸಿದ ಅಕ್ಕಿಯನ್ನೂ ಮಾಂಸವನ್ನೂ ಅವಕ್ಕೆ ತಿನ್ನಿಸುತ್ತಿದ್ದರು. ಕುದುರೆ ಮಾರುವ ವರ್ತಕರಾದರೋ ವೈದ್ಯರನ್ನು ಇತ್ತ ಬರಗೊಡುತ್ತಿರಲಿಲ್ಲ. ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ. ಪ್ರವಾಸಿಯ ಅಂಕಿಗಳಲ್ಲಿ ಅತಿಶಯೋಕ್ತಿ ಇರಬಹುದು. ಹಾಗೆಂದು ಅದರ ನೀತಿಯನ್ನು ಅಲ್ಲಗಳೆಯಲಾಗದು. ನೋಡಿಕೊಳ್ಳಲು ತಿಳಿಯದವನ ಕೈಗೆ ಪ್ರಾಣಿ ಸಿಕ್ಕಿದರೆ ಪ್ರಾಣಿಯೂ ಉಳಿಯದು, ಬೊಕ್ಕಸವೂ ಉಳಿಯದು.

ನಮ್ಮ ವಿಜಯನಗರದ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿಗೆ ಬಂದಿದ್ದ ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸನು ತಾನೇ ಕುದುರೆ ವ್ಯಾಪಾರಿ. ಸುಮಾರು 1535ರ ವೇಳೆಗೆ ಅವನು ಬರೆದ ವೃತ್ತಾಂತ ಪ್ರಸಿದ್ಧವಾಗಿದೆ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು, ಹೋರ್ಮುಜ್‌ನಿಂದ ಬಂದವನ್ನೂ ನಾಡಿನ ತಳಿಯವನ್ನೂ ಸೇರಿಸಿ, ಕೊಳ್ಳುತ್ತಿದ್ದನೆಂದು ಅವನು ಹೇಳುತ್ತಾನೆ. ಅವನಿಗಿಂತ ಮುಂಚೆ, 15ನೆಯ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹನ ವಿಷಯವಾಗಿ ಅವನು ಬರೆದಿರುವ ಸಂಗತಿ ಇನ್ನೂ ವಿಚಿತ್ರ. ಸಮುದ್ರದ ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ವರ್ತಕರು ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯನ್ನೇ ಅರಸನು ಕೊಡುತ್ತಿದ್ದನಂತೆ! ವರ್ತಕರು ಬೇರೆ ಕಡೆಗೆ ಹೋಗದಿರಲೆಂಬ ರಾಜನೀತಿ ಅದು. ಮಕ್ಕಳಿಗೆ ಇದನ್ನು ಹೇಳಿದಾಗ ಮೊದಲು ನಕ್ಕರು, ಆಮೇಲೆ ಒಬ್ಬ ಹುಡುಗ, “ಹಾಗಾದರೆ ಹಡಗಿನಲ್ಲಿ ಅದಕ್ಕೆ ನೀರು ಕೊಡುವುದು ಯಾರು?” ಎಂದು ಕೇಳಿದ. ನಮ್ಮ ಬ್ಯಾಂಕಿನ ಲೆಕ್ಕ ತನಿಖೆಯವರೂ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಕೇಳಲಾರರು.

ಆ ಕುದುರೆಗಳು ಬಂದಿಳಿಯುತ್ತಿದ್ದುದು ನಮ್ಮ ಭಟ್ಕಳದಂಥ ರೇವುಗಳಲ್ಲಿ, ಗೋವೆಯಲ್ಲಿ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ಕೈಗೆ ಹೋಯಿತು. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಪರದೇಶದವರು ಕುದುರೆಗಳನ್ನು ಹಿಡಿದು ನಡೆಸಿಕೊಂಡು ಬರುವ ಚಿತ್ರಗಳಿವೆ. ರಜೆಯಲ್ಲಿ ಊರಿಗೆ ಹೋಗುವವರು ಹಂಪೆಗೆ ಹೋದರೆ ಮಕ್ಕಳಿಗೆ ಅವನ್ನು ತಪ್ಪದೆ ತೋರಿಸಬೇಕು.

ನಮ್ಮವರು ಕುದುರೆಯ ಪೋಷಣೆಯನ್ನು ಅರಿಯದವರೇ ಆಗಿದ್ದರು ಎಂದು ಇದರಿಂದ ಭಾವಿಸಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿ ಬಂದಿದೆ. ಕನ್ನಡದಲ್ಲಿಯೇ ಅಭಿನವಚಂದ್ರನೆಂಬುವನು ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಕುರಿತು ಬರೆದನು. ಮೈಸೂರಿನಲ್ಲಿ 1617ರಿಂದ 1637ರವರೆಗೆ ಆಳಿದ ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಹುಟ್ಟಿತು. ಕಾವ್ಯಗಳನ್ನು ಬರೆದ ಭಾಷೆಯಲ್ಲಿಯೇ ಕುದುರೆಯ ಹೊಟ್ಟೆನೋವಿಗೂ ಪುಸ್ತಕ ಬರೆದರೆಂಬುದು ಕನ್ನಡಕ್ಕೆ ಗೌರವದ ಮಾತು. ಭಾಷೆ ಬದುಕುವುದು ಇಂತಹ ಕೆಲಸಗಳಿಂದಲೂ ಹೌದಷ್ಟೆ.

ಅರಬ್ಬೀ ಕುದುರೆ ಅರಸರ ಪಾಲಿಗಾದರೆ ತಟ್ಟು ಜನಸಾಮಾನ್ಯರ ಪಾಲಿಗೆ. ದಖ್ಖನಿನಲ್ಲಿ ಭೀಮಾ ನದಿಯ ದಂಡೆಯ ಪ್ರದೇಶದಲ್ಲಿ, ನಾಡ ತಟ್ಟುಗಳಿಗೆ ಪರದೇಶದ ಕುದುರೆಗಳ ರಕ್ತ ಬೆರೆತು ಒಂದು ಗಟ್ಟಿಮುಟ್ಟಾದ ತಳಿ ಬೆಳೆಯಿತು. ಅದಕ್ಕೆ ದಖ್ಖನಿ ತಟ್ಟು ಎಂದೂ ಭೀಮಥಡಿ ಎಂದೂ ಹೆಸರು. ಮರಾಠರ ದಂಡು ಬೆಟ್ಟಗುಡ್ಡಗಳಲ್ಲಿ ಅಷ್ಟು ಶೀಘ್ರವಾಗಿ ಸಂಚರಿಸಿದ್ದು ಈ ಚಿಕ್ಕ ಕುದುರೆಗಳ ಬಲದಿಂದ. ಇತ್ತೀಚೆಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಭೀಮಥಡಿಯನ್ನು ದೇಶದ ಒಂದು ಸ್ವತಂತ್ರ ತಳಿಯಾಗಿ ದಾಖಲಿಸಿದೆ. ಭೀಮೆ ನಮ್ಮ ವಿಜಯಪುರ, ಕಲಬುರಗಿ ಸೀಮೆಯಲ್ಲಿಯೂ ಹರಿಯುವವಳು. ಮೈಸೂರು ಸೀಮೆಯಲ್ಲಿ ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದುದು. ಇಲ್ಲಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಹೊಸೂರಿನ ಬಳಿ, ಮತ್ತಿಗಿರಿಯಲ್ಲಿ, ಕಂಪೆನಿ ಸರ್ಕಾರದವರು 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಸ್ಥಾಪಿಸಿದ ಕ್ಷೇತ್ರ ಈಗ ದನಗಳ ತಳಿಕ್ಷೇತ್ರವಾಗಿದೆ. ನಾವು ವರ್ಷಕ್ಕೆ ನಾಲ್ಕು ಬಾರಿ ಆ ದಾರಿಯಲ್ಲಿ ಹೋಗಿಬರುತ್ತೇವೆ. ಇದನ್ನು ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಹಳ್ಳಿಗಾಡಿನಲ್ಲಿ ಕಂದಾಯದ ಲೆಕ್ಕಕ್ಕೆ ಹೊರಟ ಶಾನುಭೋಗರು, ಸರ್ಕೀಟು ಹೊರಟ ಅಮಲ್ದಾರರು, ಸಂತೆಗೆ ಸಾಮಾನು ಹೇರುವ ವ್ಯಾಪಾರಿಗಳು ಎಲ್ಲರೂ ತಟ್ಟಿನವರೇ. ಮದರಾಸಿನಿಂದ ಮೊದಲ ರೈಲು ಹೊರಟದ್ದು 1856ರಲ್ಲಿ. ಬೆಂಗಳೂರಿಗೆ ರೈಲು ಮುಟ್ಟಿದ್ದು 1864ರಲ್ಲಿ. ರೈಲು ಬಂದ ಮೇಲೆ ಕುದುರೆಗೆ ಕೆಲಸ ತಪ್ಪಿತೆಂದು ನಾವು ಎಣಿಸುತ್ತೇವೆ. ದೂರದ ಪ್ರಯಾಣದ ಮಟ್ಟಿಗೆ ಅದು ನಿಜ. ಆದರೆ ರೈಲಿನಿಂದ ಇಳಿದ ಜನವನ್ನು ಮನೆ ಮುಟ್ಟಿಸುವವರು ಯಾರು? ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲುಗಟ್ಟಿದವು. ಝಟಕಾ ಎಂಬ ದಖ್ಖನಿ ಮಾತಿನಿಂದ, ‘ಬೇಗ’ ಎಂಬರ್ಥದಲ್ಲಿ, ಈ ಹೆಸರು ಬಂದಿತೆಂದು ಹಳೆಯ ಕೋಶಗಳು ಹೇಳುತ್ತವೆ. ಮದರಾಸಿನ ಬಾಡಿಗೆ ಗಾಡಿಗೆ ಅದೇ ಹೆಸರು ನಿಂತಿತು. ಮೈಸೂರಿನಲ್ಲಿ ಟಾಂಗಾ, ಬೆಂಗಳೂರಿನಲ್ಲಿ ಜಟಕಾ. ಬಸ್ಸೂ ಆಟೋವೂ ಹೆಚ್ಚಿದಂತೆ ಇವು ಒಂದೊಂದಾಗಿ ಬೀದಿ ಬಿಟ್ಟವು. ಮೈಸೂರಿನಲ್ಲಿ ಪ್ರವಾಸಿಗಳಿಗಾಗಿ ಕೆಲವು ಟಾಂಗಾಗಳು ಉಳಿದಿವೆ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ನಮ್ಮ ತಾತನವರು ಕೆಲಸದ ಮೇಲೆ ಮದರಾಸಿಗೆ ಬಂದದ್ದು 1954ರಲ್ಲಿ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದವರು ತಾತ, ಅಜ್ಜಿ, ತಾತನ ತಾಯಿ, ತಮ್ಮ, ತಂಗಿ, ಐದು ಜನ. ಜೊತೆಗೆ ಎರಡು ಟ್ರಂಕು, ಹಾಸಿಗೆ ಸುರುಳಿ, ಮತ್ತು ಮದರಾಸಿನಲ್ಲಿ ಕಲ್ಲೇ ಸಿಗುವುದಿಲ್ಲವೇನೋ ಎಂಬಂತೆ ಊರಿನಿಂದ ತಂದಿದ್ದ ಒಂದು ರುಬ್ಬುವ ಕಲ್ಲು. ಎರಡು ಜಟಕಾ ಮಾಡಿಕೊಳ್ಳಿರೆಂದು ಜಟಕಾದವನು ಹೇಳಿದನಂತೆ. ತಾತನವರು ಒಂದೇ ಸಾಕೆಂದು ಚೌಕಾಶಿ ಮಾಡಿ ಎಂಟಾಣೆ ಹೆಚ್ಚು ಕೊಡಲು ಒಪ್ಪಿದರು. ನುಂಗಂಬಾಕ್ಕಂನ ಕಡೆಗೆ ಬರುತ್ತ ಕೂವಂ ನದಿಯ ಸೇತುವೆ ಏರುವಲ್ಲಿ, ಸ್ವಲ್ಪ ಇಳಿದು ನಡೆಯಿರಿ ಎಂದು ಅವನು ಕೇಳಿದ. ಮಳೆ ಹನಿಯುತ್ತಿತ್ತು, ಯಾರೂ ಇಳಿಯಲಿಲ್ಲ. ತಟ್ಟು ಜಾರಿ ಮುಂಗಾಲೂರಿ ಬಿತ್ತು. ಎರಡು ಮಂಡಿಯೂ ಒಡೆದು ರಕ್ತ ಬಂತು.

ಜಟಕಾದವನು ಒಂದು ಮಾತೂ ಬೈಯಲಿಲ್ಲವಂತೆ. ಪಟ್ಟಿಗಳನ್ನು ಬಿಚ್ಚಿ, ತನ್ನ ತಲೆಯ ವಸ್ತ್ರವನ್ನು ಹರಿದು ಅದರ ಕಾಲಿಗೆ ಕಟ್ಟಿ, ಮಳೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಹೊರಟುಹೋದ. ಬಾಡಿಗೆ ಕೇಳಲಿಲ್ಲ, ತಾತನವರು ಕೊಡಲೂ ಇಲ್ಲ. ಗಾಡಿಗಾಗಿ ಅವನು ಬೇರೆ ಯಾರನ್ನೋ ಕಳಿಸಿದನಂತೆ. ತಾತನವರು ಆಮೇಲೆ ಎಷ್ಟೋ ದಿನ ಸ್ಟೇಷನ್ನಿನ ಮುಂದೆ ಅವನನ್ನು ಹುಡುಕಿದರು, ಸಿಕ್ಕಲಿಲ್ಲ. ನಮಗೆ ಬುದ್ಧಿ ಬಂದ ಮೇಲೂ ಮಳೆಗಾಲದಲ್ಲಿ ಈ ಮಾತು ತೆಗೆದು ಸುಮ್ಮನಾಗುತ್ತಿದ್ದರು. ಅವರು ಪ್ರಾಮಾಣಿಕರು, ಯಾರಿಗೂ ಬಾಕಿ ಇಟ್ಟವರಲ್ಲ. ಈ ಒಂದು ಬಾಕಿ ಮಾತ್ರ ಉಳಿಯಿತು.

ಇದನ್ನು ಮಕ್ಕಳಿಗೆ ಹೇಳಬೇಕೆ, ಹಿರಿಯರ ವಿಷಯದಲ್ಲಿ ಹಗುರವಾದೀತೆ ಎಂದು ಮನೆಯಲ್ಲಿ ಚರ್ಚೆಯಾಯಿತು. ಕಡೆಗೆ ಹೇಳಿದೆವು. ಅರಸರ ತಪ್ಪುಗಳನ್ನು ಧಾರಾಳವಾಗಿ ಹೇಳಿ ಮನೆಯ ತಪ್ಪನ್ನು ಮುಚ್ಚಿಟ್ಟರೆ ಅದು ಚರಿತ್ರೆಯ ಪಾಠವಾಗದು.

ತಾತನವರು ಇಳಿಯದಿದ್ದುದನ್ನು ಈಗ ಕಾನೂನೂ ಒಪ್ಪುವುದಿಲ್ಲ. ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದದ್ದು 1960ರಲ್ಲಿ. ಅದಕ್ಕಾಗಿ ರಾಜ್ಯಸಭೆಯಲ್ಲಿ ಮೊದಲು ಮಸೂದೆ ತಂದು ಹೋರಾಡಿದವರು ಈ ನಗರದ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರು. ಮಂಡಳಿಯ ಕಚೇರಿ ಬಹುಕಾಲ ಇಲ್ಲಿಯೇ ಇತ್ತು. 1965ರ ನಿಯಮಗಳ ಪ್ರಕಾರ ಗಾಡಿಯಲ್ಲಿ, ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು, ನಾಲ್ವರಿಗಿಂತ ಹೆಚ್ಚು ಜನ ಕೂರಬಾರದು. ತಟ್ಟಿನ ಬೆನ್ನ ಮೇಲೆ ಹೇರುವ ಸರಕು 70 ಕಿಲೋ ಮೀರಬಾರದು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಾಗಿಯೂ ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹೂಡಕೂಡದು. ನಮ್ಮ ಚೆನ್ನೈನ ಮೇ ತಿಂಗಳನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಬೆಲೆ ಗೊತ್ತು.

ಮೂರನೆಯ ಭಾನುವಾರ ಸಾಯಂಕಾಲ ಮಕ್ಕಳನ್ನು ಕರೆದುಕೊಂಡು ಹೊರಟೆವು. ಮೊದಲು ಐಲೆಂಡ್ ಮೈದಾನದ ಬಳಿಯ ಥಾಮಸ್ ಮನ್ರೋ ಪ್ರತಿಮೆ. ಮನ್ರೋ 1799ರಿಂದ 1800ರವರೆಗೆ ನಮ್ಮ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದು ಆಮೇಲೆ ಮದರಾಸಿನ ಗವರ್ನರಾದವನು. ಚಾಂಟ್ರಿ ಎಂಬ ಶಿಲ್ಪಿಯ ಈ ಪ್ರತಿಮೆ 1839ರಲ್ಲಿ ಇಲ್ಲಿ ನಿಂತಿತು. “ಇದರಲ್ಲಿ ಏನು ಕಾಣೆಯಾಗಿದೆ, ಹೇಳಿ” ಎಂದೆವು. “ಜೀನಿಲ್ಲ! ರಿಕಾಪಿಲ್ಲ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಎರಡು ವಾರದ ಹಿಂದೆ ಆ ಶಬ್ದಗಳನ್ನೇ ಕೇಳಿರದ ಮಕ್ಕಳು ಅವರು.

ಅಲ್ಲಿಂದ ಮರೀನಾ. ಬಿಸಿಲು ಇಳಿದಿತ್ತು. ಎರಡು ತಟ್ಟುಗಳು ಮರಳಿನ ಮೇಲೆ ನಿಂತಿದ್ದವು. ನಮ್ಮ ಮಗಳು ಒಂದರ ಯಜಮಾನನ ಬಳಿಗೆ ಹೋಗಿ, “ಅಣ್ಣಾ, ಇದು ಯಾವಾಗ ನೀರು ಕುಡಿಯಿತು?” ಎಂದು ತಮಿಳಿನಲ್ಲಿ ಕೇಳಿದಳು. ಅವನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಸಂತೋಷವಾಯಿತು. ಬಕೆಟ್ಟನ್ನು ತೋರಿಸಿದ. ಮುಂದಿನ ಅರ್ಧ ಗಂಟೆ ಪಾಠ ಹೇಳಿದವನು ಅವನೇ.

ಬೇಸಗೆಯಲ್ಲಿ ದುಡಿಯುವ ತಟ್ಟಿಗೆ ದಿನಕ್ಕೆ 20ರಿಂದ 30 ಲೀಟರು ನೀರು ಬೇಕಾದೀತು. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಉಪ್ಪನ್ನೂ ಕೊಡಬೇಕು. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಒಮ್ಮೆಗೇ ಹೊಟ್ಟೆ ಬಿರಿಯ ತಿನ್ನಿಸದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಮೇವು ಕೊಡಬೇಕು. ಕುದುರೆಗೆ ವಾಂತಿ ಮಾಡಲು ಬಾರದು. ತಿನ್ನಬಾರದ್ದನ್ನು ತಿಂದರೆ ಅದು ಹೊಟ್ಟೆಶೂಲೆಯಾಗಿ ಪ್ರಾಣಕ್ಕೇ ಬರಬಹುದು. ಆದುದರಿಂದ ಬಿಸ್ಕತ್ತು, ಬಜ್ಜಿ, ಸುಂಡಲ್ ಮೊದಲಾದವನ್ನು ಪ್ರೀತಿಯಿಂದಲೂ ಕೊಡಬಾರದು. ಕೊಡುವುದಿದ್ದರೆ ಯಜಮಾನನನ್ನು ಕೇಳಿಯೇ ಕೊಡಬೇಕು. ಹುಲ್ಲೇ ಮುಖ್ಯ ಆಹಾರ; ಶಕ್ತಿಗೆ ಹುರುಳಿ. ನಾವು ಬಸ್ಸಾರು ಮಾಡುವ ಹುರುಳಿ, ಇಲ್ಲಿಯವರು ರಸ ಮಾಡುವ ಕೊಳ್ಳು, ಎರಡೂ ಒಂದೇ. ತಲೆಮಾರುಗಳಿಂದ ಇಲ್ಲಿ ಅದನ್ನು ಬೇಯಿಸಿ ಕುದುರೆಗೆ ಇಡುತ್ತ ಬಂದಿದ್ದಾರೆ. ಮಾರ್ಕೋ ಪೋಲೋ ಹೇಳಿದ ಅಕ್ಕಿ ಮಾಂಸಗಳಿಂದ ಹುಲ್ಲು ಹುರುಳಿಗೆ ಬಂದ ತಿಳಿವಳಿಕೆಯೇ ಒಂದು ಚರಿತ್ರೆ.

ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ; ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸರಿಪಡಿಸಬೇಕು. ಪ್ರತಿದಿನವೂ ಅದರೊಳಗೆ ಸಿಕ್ಕಿದ ಕಲ್ಲು, ಗಾಜು ತೆಗೆಯಬೇಕು. ಬೆನ್ನನ್ನು ಉಜ್ಜಿ ಒಣಗಿಸದೆ ಜೀನು ಬಿಗಿದರೆ ಹುಣ್ಣಾಗುತ್ತದೆ. ಹತ್ತಿರ ಹೋಗುವಾಗ ಹಿಂದಿನಿಂದ ಹೋಗಬಾರದು. ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ, ಹೆದರಿ ಒದೆಯುತ್ತದೆ. ಎಡ ಹೆಗಲಿನ ಕಡೆಯಿಂದ, ಮೆಲ್ಲಗೆ ಮಾತನಾಡುತ್ತ ಹೋಗಬೇಕು.

ಇಷ್ಟು ತಿಳಿದ ಮೇಲೆ ಮಕ್ಕಳು ಎರಡನೆಯ ತಟ್ಟನ್ನು ನೋಡಿದರು. ಅದರ ಹೊಟ್ಟೆಪಟ್ಟಿಯ ಅಡಿಯಲ್ಲಿ ಕೂದಲು ಉದುರಿ ಹುಣ್ಣಾಗಿತ್ತು. ಅದೂ ಸವಾರಿಗೆ ಕಾದು ನಿಂತಿತ್ತು. “ಹಾಗಾದರೆ ನಾವು ಯಾವ ಕುದುರೆಯನ್ನೂ ಹತ್ತಬಾರದಾ ಅಪ್ಪ?” ಎಂದು ಮಗಳು ಕೇಳಿದಳು. ನಮಗೆ ಕೂಡಲೆ ಉತ್ತರ ತೋಚಲಿಲ್ಲ.

ಲೆಕ್ಕದ ಮನುಷ್ಯರಾದ ನಾವು ಇದನ್ನು ಲೆಕ್ಕದ ರೀತಿಯಲ್ಲಿಯೇ ಯೋಚಿಸಿದೆವು. ಯಂತ್ರವನ್ನು ಕೊಂಡ ವ್ಯಾಪಾರಿ ವರ್ಷ ವರ್ಷವೂ ಅದರ ಸವಕಳಿಯನ್ನು ಲೆಕ್ಕದಲ್ಲಿ ತೋರಿಸುತ್ತಾನೆ. ತಟ್ಟಿನವನ ಲೆಕ್ಕದಲ್ಲಿ ಮೇವು, ಲಾಳ, ಔಷಧ ಎಂಬ ಖರ್ಚುಗಳಿವೆ. ಸವಕಳಿಯ ಕಲಮು ಇಲ್ಲ. ಅದನ್ನು ತಟ್ಟು ತನ್ನ ಮೈಯಿಂದಲೇ ತೆರುತ್ತದೆ. ನಾವು ಬಾಡಿಗೆಯನ್ನು ಹಗ್ಗಿ ಕಡಿಮೆ ಮಾಡಿದಾಗ ಕಡಿಮೆಯಾಗುವುದು ಯಜಮಾನನ ಲಾಭವೊಂದೇ ಅಲ್ಲ, ಮೊದಲು ಕಡಿಮೆಯಾಗುವುದು ಅದರ ಬಿಡುವು ಮತ್ತು ಮೇವು. ಎಲ್ಲರೂ ಸವಾರಿ ಬಿಟ್ಟರೆ ಆ ರಾತ್ರಿ ಅದಕ್ಕೆ ಹುಲ್ಲೂ ಇಲ್ಲ. ಹುಣ್ಣಾದುದನ್ನು ಹತ್ತಿದರೆ ಹುಣ್ಣು ಮಾಗದು. ಆದುದರಿಂದ ನಾವು ಕಂಡುಕೊಂಡ ದಾರಿ ಇದು. ಆರೋಗ್ಯವಾಗಿರುವ ತಟ್ಟನ್ನು ಮಾತ್ರ ಹತ್ತುವುದು, ಚಿಕ್ಕ ಮಕ್ಕಳು ಮಾತ್ರ, ಒಬ್ಬೊಬ್ಬರಾಗಿ ಹತ್ತುವುದು, ಬಿಸಿಲಿನಲ್ಲಿ ಬೇಡ, ಚೌಕಾಶಿ ಬೇಡ, ಓಡಿಸೆಂದು ಕೇಳುವುದು ಬೇಡ. ಹುಣ್ಣಾದ ತಟ್ಟಿನ ಯಜಮಾನನಿಗೆ ವೇಪೇರಿಯ ಪಶುವೈದ್ಯ ಕಾಲೇಜಿನ ಆಸ್ಪತ್ರೆಯ ವಿಷಯ ಹೇಳಿದೆವು. 1903ರಲ್ಲಿ ಆರಂಭವಾದ ಹಳೆಯ ಸಂಸ್ಥೆ ಅದು. ಅವನು ಒಂದು ದಿನದ ದುಡಿಮೆ ಹೋಗುತ್ತದೆ ಎಂದ. ಎರಡು ಸುತ್ತಿನ ಬಾಡಿಗೆಯನ್ನು ಅವನ ಕೈಗೆ ಕೊಟ್ಟು, ಅಷ್ಟು ಹೊತ್ತು ಜೀನು ಬಿಚ್ಚಿ ನಿಲ್ಲಿಸೆಂದು ಕೇಳಿಕೊಂಡೆವು. ಬಿಚ್ಚಿದ. ಮರುದಿನ ಆಸ್ಪತ್ರೆಗೆ ಹೋದನೋ ಇಲ್ಲವೋ, ನಾವು ಕಾಣೆವು.

ಕುದುರೆಯ ಋಣ ಗಾಡಿಯ ಕಾಲಕ್ಕೆ ತೀರಿತೆಂದು ಯಾರೂ ತಿಳಿಯಬಾರದು. ಇಲ್ಲಿಂದ ಮಾಮಲ್ಲಪುರಕ್ಕೆ ಹೋಗುವ ದಾರಿಯ ವಡನೆಮ್ಮೇಲಿಯಲ್ಲಿ ಇರುಳರ ಹಾವಾಡಿಗರ ಸಹಕಾರ ಸಂಘವಿದೆ, 1978ರಲ್ಲಿ ಆರಂಭವಾದದ್ದು. ಅವರು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಂದ ತೆಗೆಯುವ ವಿಷವನ್ನು ಔಷಧ ತಯಾರಕರು ಕುದುರೆಗಳ ಮೈಗೆ ಅತಿ ಸ್ವಲ್ಪವಾಗಿ ಚುಚ್ಚುತ್ತಾರೆ. ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಸ್ತುವಿನಿಂದಲೇ ಹಾವಿನ ಕಡಿತಕ್ಕೆ ಮದ್ದು ಸಿದ್ಧವಾಗುತ್ತದೆ. ನಮ್ಮ ಹಳ್ಳಿಗಳ ಹೊಲಗದ್ದೆಗಳಲ್ಲಿ ಇಂದೂ ಪ್ರಾಣ ಉಳಿಸುತ್ತಿರುವುದು ಈ ಕುದುರೆಗಳ ರಕ್ತ.

ಹೊರನಾಡಿನಲ್ಲಿರುವ ನಾವು ರಾಜ್ಯೋತ್ಸವದ ದಿನ ಕನ್ನಡ ಉಳಿಯಬೇಕೆಂದು ಭಾಷಣ ಮಾಡುತ್ತೇವೆ. ನಮ್ಮ ಬಡಾವಣೆಯ ಕಾಲೇಜು ರಸ್ತೆಗೆ ಆ ಹೆಸರು ಬಂದದ್ದು 1812ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಿಂದ. ಕಂಪೆನಿಯ ಪರದೇಶಿ ಅಧಿಕಾರಿಗಳು ಕನ್ನಡವೇ ಮೊದಲಾದ ದಕ್ಷಿಣದ ಭಾಷೆಗಳನ್ನು ಕಲಿಯಲೆಂದು ಅದು ಹುಟ್ಟಿತು. ಅವರು ವ್ಯಾಕರಣದಿಂದ ಕಲಿತರು. ನಮ್ಮ ಮಕ್ಕಳು ವ್ಯಾಕರಣದಿಂದ ಮಾತ್ರ ಕಲಿತರೆ ಸಾಲದು. ಲಾಳವೆಂಬ ಮಾತನ್ನು ಲಾಳವನ್ನು ಮುಟ್ಟಿ ಕಲಿಯಬೇಕು. ಲಗಾಮು ಎಂಬ ಮಾತಿನೊಡನೆ ಅದನ್ನು ಎಷ್ಟು ಮೆಲ್ಲಗೆ ಹಿಡಿಯಬೇಕೆಂಬುದನ್ನೂ ಕಲಿಯಬೇಕು. ಮುಂದಿನ ವರ್ಷ ದಸರಾ ರಜೆಯಲ್ಲಿ ಸಂಘದ ಮಕ್ಕಳನ್ನು ಮೈಸೂರಿಗೆ ಕರೆದೊಯ್ದು ಅಶ್ವದಳವನ್ನೂ ಟಾಂಗಾಗಳನ್ನೂ ತೋರಿಸುವ ಏರ್ಪಾಡನ್ನು ಸಂಘದ ಹಿರಿಯರು ಆಲೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಅಲ್ಲಿ ಹತ್ತುವಾಗ ನಾಲ್ವರಿಗೆ ಒಂದು ಗಾಡಿಯೆಂದು ಲೆಕ್ಕ ಹಾಕಿ ಹಣ ಕೂಡಿಸಬೇಕು.

ತಾತನವರು ತಂದ ರುಬ್ಬುವ ಕಲ್ಲು ಈಗಲೂ ನಮ್ಮ ಮನೆಯ ಬಾಲ್ಕನಿಯಲ್ಲಿದೆ. ಮಿಕ್ಸಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಮರೀನಾದಿಂದ ಹಿಂದಿರುಗಿದ ರಾತ್ರಿ ಮಗಳು ಅದನ್ನು ಎತ್ತಲು ನೋಡಿದಳು, ಅಲುಗಿಸಲೂ ಆಗಲಿಲ್ಲ. ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ಕುಳಿತಿದ್ದು, “ಇದನ್ನೂ ಅದೇ ಎಳೆಯಿತಾ?” ಎಂದು ಕೇಳಿದಳು. ಹೌದು ಎಂದೆವು.